ಹಣ್ಣಿನ ಲೆಕ್ಕ – ಭಾಗ 4: ಹುಳ ಸಾಯಲ್ಲ, ಆದ್ರೂ ಪಾಸ್

ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ಸ್ ಅಂದ್ರೆ ನಮ್ಮ ಕ್ಲಾಸಲ್ಲಿ ನಿದ್ದೆ ಬರೋ ಚಾಪ್ಟರ್. ಆದ್ರೆ 2025ರ ಮೇನಲ್ಲಿ ನವಿ ಮುಂಬೈಯಲ್ಲಿ ಕಿರಣ ಹಾಯಿಸಿ ಕಳಿಸಿದ 15 ಕನ್ಸೈನ್‌ಮೆಂಟ್ ಮಾವನ್ನ ಅಮೆರಿಕದ ಏರ್‌ಪೋರ್ಟ್‌ಗಳಲ್ಲಿ ತಡೆದಿದ್ದು ಹುಳಕ್ಕಲ್ಲ, ಒಂದು ಫಾರ್ಮ್‌ಗೆ. ವಾಪಸ್ ತರೋ ವಿಮಾನದ ಖರ್ಚು ಯಾರಿಗೂ ಗಿಟ್ಟಲ್ಲ, ಹಾಗಾಗಿ ಅಲ್ಲೇ ನಾಶ ಮಾಡಿದ್ರು. ರಫ್ತುದಾರರ ಅಂದಾಜಲ್ಲಿ ಸುಮಾರು 5 ಲಕ್ಷ ಡಾಲರ್ ನಷ್ಟ.

ಕಾಗದಕ್ಕೆ ಇಷ್ಟೊಂದು ಬೆಲೆ ಯಾಕೆ ಗೊತ್ತಾ?

ಮಾವಿಗೆ ವಾಟೆ ಹುಳ ಅಂತ ಒಂದಿದೆ. ಕಾಯಿ ಚಿಕ್ಕದಿದ್ದಾಗಲೇ ಒಳಗೆ ಹೋಗಿ ವಾಟೆಯಲ್ಲಿ ಕೂತುಬಿಡುತ್ತೆ. ಹೋದ ತೂತು ಮುಚ್ಕೊಳ್ಳುತ್ತೆ, ಹೊರಗಿಂದ ಹಣ್ಣು ಬಂಗಾರ. ಅದಕ್ಕೇ ಕೋಬಾಲ್ಟ್-60ರ ಗಾಮಾ ಕಿರಣ, ಕನಿಷ್ಠ 400 ಗ್ರೇ, ಡಬ್ಬಿ ಸಮೇತ. (ಹಣ್ಣು ವಿಕಿರಣ ಸೂಸಲ್ಲ ಮಾರಾಯ್ರೆ. ಎಕ್ಸ್‌ರೇ ತೆಗೆಸಿದ ಕೈ ಹೊಳೆಯುತ್ತಾ?)

ಮಜಾ ಏನಂದ್ರೆ, ಈ ಡೋಸ್‌ಗೆ ಹುಳ ತಕ್ಷಣ ಸಾಯಬೇಕು ಅಂತಿಲ್ಲ. ಅದರ ಸಂತಾನ ಮುಂದುವರಿಯಬಾರದು, ಅಷ್ಟೇ. ಅಂದ್ರೆ ಅಲ್ಲಿನ ಅಧಿಕಾರಿ ಹಣ್ಣು ಕೊಯ್ದಾಗ ಜೀವಂತ ಹುಳ ಸಿಕ್ಕರೂ ಸಿಗಬಹುದು. ಕಿರಣ ತಗಲಿದ ಹುಳಾನಾ, ತಗಲದ್ದಾ? ನೋಡಿದ್ರೆ ಗೊತ್ತಾಗಲ್ಲ. ಹೇಳೋದು ಆ ಫಾರ್ಮ್ ಒಂದೇ.

1989ರಿಂದ ಅಮೆರಿಕದಲ್ಲಿ ನಮ್ಮ ಮಾವಿಗೆ ಬಾಗಿಲು ಮುಚ್ಚಿತ್ತು. 2007ರಲ್ಲಿ ತೆರೆದಿದ್ದು ಈ ಕಿರಣದಿಂದ, ನಾಸಿಕ್ ಹತ್ತಿರದ ಲಾಸಲ್‌ಗಾಂವ್ ಘಟಕದಿಂದ. ಕೊರೊನಾ ಟೈಮಲ್ಲಿ ಅಲ್ಲಿನ ಇನ್‌ಸ್ಪೆಕ್ಟರ್‌ಗಳು ಬರೋಕಾಗದೆ 2020, 2021 ಎರಡು ಸೀಸನ್ ಹೋಯ್ತು. ಮಷೀನಿತ್ತು, ಹಣ್ಣಿತ್ತು, ಸಹಿ ಹಾಕೋರಿಲ್ಲ!

ಈಗ ನಮ್ಮನೆ ವಿಷಯ. ಶ್ರೀನಿವಾಸಪುರದ ಕಡೆ ತಾತನ ತೋಟದಲ್ಲಿ ಮುಕ್ಕಾಲು ಪಾಲು ತೋತಾಪುರಿ, ಅದು ಪಲ್ಪ್ ಫ್ಯಾಕ್ಟರಿಗೆ ಹೋಗುತ್ತೆ. ಅದಕ್ಕೆ ಈ ಕಿರಣದಿಂದ ಒಂದು ಪೈಸೆ ಲಾಭ ಇಲ್ಲ. ಇರೋ ನಾಲ್ಕು ಸಾಲು ಬಾದಾಮಿಯನ್ನ ಈ ಸಲ ಎಕ್ಸ್‌ಪೋರ್ಟರ್‌ಗೆ ಕೊಡೋಣ ಅಂತ ಚಿಕ್ಕಪ್ಪ. ಘಟಕ ನಮ್ಮ ಮಾಲೂರಲ್ಲೇ ಇದೆ. ಫೈಲ್ ನೋಡ್ಕೊಳ್ಳೋದು ಬಿಕಾಂ ಓದ್ತಿರೋ ನಾನು.

ನನ್ನ ಹಟ ಒಂದೇ: ಹಣ್ಣು ತೋಟ ಬಿಟ್ಟಮೇಲೆ ಕಾಗದ ತಪ್ಪಾಗಿ ನಷ್ಟ ಆದ್ರೆ ಯಾರದು ಅಂತ ಅಗ್ರಿಮೆಂಟಲ್ಲಿ ಬರೀಬೇಕು. ಆ ಫಾರ್ಮ್ ಕೊಡೋದು ಘಟಕದಲ್ಲಿ, ನಮ್ಮ ಕೈಲಿಲ್ಲ. "ಅಷ್ಟೆಲ್ಲಾ ಕೇಳಿದ್ರೆ ಪಾರ್ಟಿ ಓಡೋಗ್ತಾನೆ ಕಣೋ" ಅಂತಾರೆ ಚಿಕ್ಕಪ್ಪ. ಓಡಿಹೋದ್ರೆ ಹೋಗ್ಲಿ ಅಂತೀನಿ ನಾನು. ಇನ್ನೂ ಇತ್ಯರ್ಥ ಆಗಿಲ್ಲ.

ತಾತಂದು ಬೇರೆ ಪ್ರಶ್ನೆ: "ಹುಳ ಸಾಯಲ್ಲ ಅಂದಮೇಲೆ ಅದೆಂಥ ಔಷಧಿನೋ?"

#ಹಣ್ಣಿನಲೆಕ್ಕ #ಕೋಲಾರದಮಾವು