ದೊಡ್ಡಪ್ಪನ ಅಂಬಾಸಿಡರ್ ಮಾರಿದ್ದು

ನಮ್ಮೂರು ಮರಳಿಯಲ್ಲಿ ಚಳಿಗಾಲದ ರಾತ್ರಿ ಬೆಂಕಿ ಕಾಯಿಸುತ್ತ ಕೂತಾಗ, ಓಡದ ಗಾಡಿ ಮಾರುವ ಮಾತು ಬಂದರೆ ಸಾಕು, ಯಾರಾದರೂ ನನ್ನ ಕಡೆ ತಿರುಗಿ ‘ನಿಮ್ಮ ದೊಡ್ಡಪ್ಪಾರು ಹೆಂಗ ಮಾರಿದ್ರು ಹೇಳು’ ಅನ್ನುತ್ತಾರೆ. ನಾನೂ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಮನೆಗೊಂದರಂತೆ ಇಂಥ ಗಾಡಿಗಳು ನಿಂತಿವೆ, ಮಣ್ಣಿನ ಬೆಲೆಗೆ ಹೋಗುತ್ತಿವೆ.

ದೊಡ್ಡಪ್ಪನದು 1997ರ ಬೇಸಿಗೆಯಲ್ಲಿ ಕೊಂಡ ಡೀಸೆಲ್ ಅಂಬಾಸಿಡರ್. ನಮ್ಮ ಕೊಪ್ಪಳ ರಾಯಚೂರಿನಿಂದ ಒಡೆದು ಜಿಲ್ಲೆ ಆದದ್ದು ಅದೇ ವರ್ಷ ಆಗಸ್ಟ್ 24ಕ್ಕೆ. ಹಾಗಾಗಿ ನಂಬರ್ ಪ್ಲೇಟಿನ ಮೇಲೆ ರಾಯಚೂರಿನ ಕೆಎ 36 ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾ ಮಸೂರಿ, ವರ್ಷಕ್ಕೆ ಎರಡು ಬೆಳೆ. ಆ ಕಾಲದ ದುಡಿಮೆಯಲ್ಲಿ ಬಂದ ಗಾಡಿ. ಗಂಗಾವತಿ ಸಂತೆಗೆ, ಆಸ್ಪತ್ರೆಗೆ, ಮದುವೆ ದಿಬ್ಬಣಕ್ಕೆ ಊರವರೆಲ್ಲ ಹತ್ತಿ ಇಳಿದದ್ದೇ. 2014ರಲ್ಲಿ ಡೀಸೆಲ್ ಪಂಪ್ ಕೈಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾಡಾದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತಿತು. ನಮ್ಮದು ಬೇವಿನ ಗಿಡದ ಬುಡದಲ್ಲಿ ನಿಂತಿತು.

2016ರಲ್ಲಿ ಡ್ಯಾಮು ತುಂಬಲಿಲ್ಲ. ಎರಡನೇ ಬೆಳೆಗೆ ನೀರು ಸಿಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ದೊಡ್ಡವ್ವ, ‘ಸುಮ್ನ ನಿಂತದ್ದನ್ನರ ಕೊಟ್ಟು ಕೈಗೆ ರೊಕ್ಕ ಮಾಡ್ಕೊರಿ’ ಅಂದಳು. ಮರುದಿನವೇ ಗಂಗಾವತಿಯಿಂದ ಗುಜರಿಯವನೊಬ್ಬ ಬಂದ. ಗಾಡಿಗೆ ಒಂದು ಸುತ್ತು ಹಾಕಿ, ಬಾಗಿಲು ತಟ್ಟಿ, ಹನ್ನೆರಡು ಸಾವಿರ ಅಂದ. ಇಂಜಿನ್ ಜಾಮ್, ಬಾಡಿ ತುಕ್ಕು, ಎಳೆದುಕೊಂಡು ಹೋಗುವ ಖರ್ಚು ಬೇರೆ ಅಂದ. ಬಾನೆಟ್ ಮಾತ್ರ ಎತ್ತಲಿಲ್ಲ. ಅಷ್ಟಕ್ಕೇ ದೊಡ್ಡಪ್ಪನಿಗೆ ಅನುಮಾನ ಬಂತು. ‘ನಾಳೆ ಬಾರಪ್ಪ’ ಅಂತ ಕಳಿಸಿ, ಆ ಗಾಡಿಯನ್ನು ಮೊದಲಿಂದ ನೋಡಿಕೊಂಡಿದ್ದ ಮಿಸ್ತ್ರಿಗೆ ಫೋನ್ ಹಚ್ಚಿಸಿದರು.

ಮಿಸ್ತ್ರಿ ಮಾಡಿದ ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸಂಜೆ ಬಂದು ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದಿಷ್ಟು ಎಣ್ಣೆ ಬಿಟ್ಟು ಹೋದ. ಬೆಳಿಗ್ಗೆ ಮೊದಲು ಇಂಜಿನ್ನಿನ ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡು ಬಿಸಿಲಿಗೆ ಹಿಡಿದ. ಎಣ್ಣೆ ಕರ್ರಗಿತ್ತು. ಹಾಲು ಬೆರೆಸಿದ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಆಮೇಲೆ ಟಾಪ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು, ನಮ್ಮನ್ನು ಹಿಂದಿನಿಂದ ದಬ್ಬಲು ಹೇಳಿ, ತಾನು ಬಾನೆಟ್ ಒಳಗೆ ಬಗ್ಗಿ ನಿಂತ. ಗಾಡಿ ಮೊದಲು ಅಲುಗಲಿಲ್ಲ. ಇನ್ನೊಮ್ಮೆ ಹೆಗಲು ಕೊಟ್ಟೆವು. ಜಗ್ಗಿ ಜಗ್ಗಿ ಮುಂದಕ್ಕೆ ಬಂತು. ಫ್ಯಾನಿನ ರೆಕ್ಕೆ ಅರ್ಧ ಸುತ್ತು ತಿರುಗಿತು. ‘ತಿರುಗ್ತು ನೋಡ್ರಿ ಗೌಡ್ರ! ಇಂಜಿನ್ ಜಾಮ್ ಇಲ್ಲ. ಪಂಪ್ ಒಂದs ಹೋಗೈತಿ’ ಅಂದ.

ಹಂಗಾದರೆ ರಿಪೇರಿ ಮಾಡಿಸಿಯೇ ಮಾರೋಣ ಅಂತ ನಾನು ಹೇಳಿದೆ. ಮಿಸ್ತ್ರಿ ಒಪ್ಪಲಿಲ್ಲ. ಪಂಪಿಗೆ ಕೈ ಹಚ್ಚಿದರೆ ಬ್ಯಾಟರಿ ಬೇಕು, ಬ್ರೇಕು ನೋಡಬೇಕು, ಹಾಕಿದ ದುಡ್ಡು ತಿರುಗಿ ಬರುವುದಿಲ್ಲ. ಗಾಡಿ ತೊಳಿಸಿ, ಟೈರಿಗೆ ಗಾಳಿ ತುಂಬಿಸಿ, ಉರುಳುವಂತೆ ಇಡಿ, ಅಷ್ಟು ಸಾಕು ಅಂದ. ಉರುಳುವ ಗಾಡಿಯನ್ನು ಹಗ್ಗ ಕಟ್ಟಿ ಎಳೆದೊಯ್ಯಬಹುದು. ಉರುಳದಿದ್ದರೆ ಕ್ರೇನಿನ ಬಾಡಿಗೆಯನ್ನು ಕೊಳ್ಳುವವನು ನಮ್ಮ ರೇಟಿನಲ್ಲೇ ಮುರಿಯುತ್ತಾನೆ. ತಾಮ್ರದ ರೇಡಿಯೇಟರ್, ಸೆಲ್ಫ್ ಮೋಟರ್, ಗೇರ್ ಬಾಕ್ಸ್ ಎಲ್ಲ ಬೇರೆ ಬೇರೆ ಲೆಕ್ಕ ಹಾಕಿ, ಬಿಚ್ಚಿ ಮಾರಿದರೂ ಗುಜರಿಯವನು ಹೇಳಿದ್ದರ ದುಪ್ಪಟ್ಟು ಬರುತ್ತದೆ ಅಂತಲೂ ಹೇಳಿದ. ಆದರೆ ಬಿಚ್ಚಬೇಡಿ, ಕಾರ್ಖಾನೆ ಮುಚ್ಚಿದ ಮೇಲೆ ಅಂಬಾಸಿಡರ್ ಇಟ್ಟುಕೊಂಡವರು ಸಾಮಾನಿಗೆ ಒದ್ದಾಡುತ್ತಿದ್ದಾರೆ, ಇಡೀ ಗಾಡಿ ಬೇಕಾದವರು ಸಿಗುತ್ತಾರೆ ಅಂದ. ಆ ಮಾತು ಅವನ ಬಾಯಿಂದ ಬರದಿದ್ದರೆ ಗಾಡಿ ಹನ್ನೆರಡು ಸಾವಿರಕ್ಕೇ ಹೋಗುತ್ತಿತ್ತು.

ಅವನೇ ಹುಡುಕಿಕೊಟ್ಟದ್ದು ಹೊಸಪೇಟೆಯ ಒಬ್ಬ ಹಿರಿಯರನ್ನು. ಅವರ ಹತ್ತಿರ ಆಗಲೇ ಒಂದು ಅಂಬಾಸಿಡರ್ ಇತ್ತು. ಬಂದವರು ನೆಲಕ್ಕೆ ಅಂಗಾತ ಮಲಗಿ ಚಾಸಿ ನೋಡಿದರು, ಬಾಗಿಲು ಒಂದೊಂದೇ ತೆರೆದು ಮುಚ್ಚಿದರು. ಆಮೇಲೆ ಆರ್‌ಸಿ ಕೇಳಿದರು. ಹದಿನೈದು ವರ್ಷ ಮುಗಿದ ಮೇಲೆ 2012ರಲ್ಲಿ ಮಾಡಿಸಿದ್ದ ರಿನ್ಯೂವಲ್ 2017ರ ಬೇಸಿಗೆವರೆಗೆ ಇತ್ತು. ಅದು ಮುಗಿದಿದ್ದರೆ ಓಡದ ಗಾಡಿಯನ್ನು ತಪಾಸಣೆಗೆ ಒಯ್ಯುವುದು ಹೇಗೆ? ಅವಧಿ ಉಳಿದದ್ದು ಪುಣ್ಯ. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಹಾಗೇ ಇತ್ತು. ಸಾಲ ತೀರಿ ಎಷ್ಟೋ ವರ್ಷವಾಗಿತ್ತು. ತೆಗೆಸಲು ಯಾರಿಗೂ ತೋಚಿರಲಿಲ್ಲ. ‘ಇದು ಇರೋತನಕ ಗಾಡಿ ನನ್ನ ಹೆಸರಿಗೆ ಆಗಂಗಿಲ್ರಿ. ಇದನ್ನ ತೆಗಿಸಿ ಕೊಡ್ರಿ, ಮೂವತ್ತೆಂಟು ಸಾವಿರ ಕೊಡ್ತೀನಿ’ ಅಂದರು.

ಇನ್ನೇನು ಬ್ಯಾಂಕಿಗೆ ಹೋಗಬೇಕು ಅನ್ನುವಷ್ಟರಲ್ಲಿ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಬ್ಯಾಂಕು ತೆರೆದ ದಿನದಿಂದ ಅದರ ಮುಂದೆ ಜನಜಾತ್ರೆ. ನೋಟು ಕಟ್ಟಲು ಬಂದವರ ನಡುವೆ ಹಳೆಯ ಸಾಲದ ಪತ್ರ ಕೇಳುವವರ ಕಡೆ ಯಾರು ನೋಡಬೇಕು? ಅದೇ ಹೊತ್ತಿಗೆ ಒಬ್ಬ ದಲಾಲಿ ಮನೆ ಬಾಗಿಲಿಗೆ ಬಂದ. ಪತ್ರ ಗಿತ್ರ ಬೇಡ, ಆರ್‌ಸಿ ಆಮೇಲೆ ನೋಡಿಕೊಳ್ಳೋಣ, ಐವತ್ತೈದು ಸಾವಿರ ಈಗಲೇ ಕೈಗೆ ಅಂದ. ಎಲ್ಲ ಹಳೇ ನೋಟು.

ಮನೆಯಲ್ಲಿ ಎಲ್ಲರ ಮನಸ್ಸೂ ಆ ಕಡೆ ವಾಲಿತು. ಡಿಸೆಂಬರ್ 30ರವರೆಗೆ ಬ್ಯಾಂಕಿಗೆ ಕಟ್ಟಬಹುದಿತ್ತಲ್ಲ. ದೊಡ್ಡಪ್ಪ ಅರ್ಧ ತಾಸು ಮಾತಾಡಲಿಲ್ಲ. ಆಮೇಲೆ ದಲಾಲಿಯನ್ನೇ ಕೇಳಿದರು: ‘ಓಡದ ಗಾಡಿ ಐವತ್ತೈದಕ್ಕ ಮಾರೀನಿ ಅಂದ್ರ ಬ್ಯಾಂಕಿನ್ಯಾಗ ಯಾರು ನಂಬ್ತಾರ? ಗಾಡಿ ನಿನ್ನ ಹತ್ರ, ಹೆಸರು ನಂದು. ನಾಳೆ ಅದು ಯಾರಿಗರ ಗುದ್ದಿದ್ರ ಕೋರ್ಟಿಗೆ ಹೋಗಾವ ಯಾರು?’ ಅವನು ಉತ್ತರ ಕೊಡದೆ ಎದ್ದ. ದೊಡ್ಡಪ್ಪ ಕಾನೂನು ಓದಿದವರಲ್ಲ. ಆದರೆ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದೂ ಅದನ್ನೇ: ಗಾಡಿ ಎಷ್ಟು ಕೈ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಆ ತೀರ್ಪಿನ ಸುದ್ದಿ ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಆ ದಿನದ ದೊಡ್ಡಪ್ಪನ ಮಾತು.

ಡಿಸೆಂಬರಿನಲ್ಲಿ ಸಾಲು ಕರಗಿದ ಮೇಲೆ ಬ್ಯಾಂಕಿನವರು ಹಳೆಯ ಲೆಡ್ಜರ್ ತೆಗೆದು, ಸಾಲ ತೀರಿದ ಪತ್ರ ಕೊಟ್ಟು, ಫಾರಂ 35ಕ್ಕೆ ಸಹಿ ಹಾಕಿದರು. ಹೊಸಪೇಟೆಯವರು ಅಲ್ಲಿಯವರೆಗೂ ಕಾದಿದ್ದರು, ಹೇಳಿದ ರೇಟಿನಲ್ಲಿ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ದುಡ್ಡು ಅವರ ಖಾತೆಯಿಂದ ದೊಡ್ಡಪ್ಪನ ಖಾತೆಗೆ ಬಂತು. ಫಾರಂ 29, 30ಕ್ಕೆ ಸಹಿಯಾಗಿ, ಆರ್‌ಟಿಒ ಕಚೇರಿಗೆ ಕಾಗದ ಕೊಟ್ಟು ರಸೀದಿ ಪಡೆದ ಮೇಲೆಯೇ ದೊಡ್ಡಪ್ಪ ಕೀಲಿಕೈ ಕೊಟ್ಟದ್ದು. ಐವತ್ತೈದಕ್ಕಿಂತ ಮೂವತ್ತೆಂಟು ದೊಡ್ಡ ರೇಟು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಈಗ ಇನ್ನೊಂದು ದಾರಿಯೂ ಇದೆ. ಕೊಳ್ಳುವವರೇ ಸಿಗದಷ್ಟು ಹಾಳಾದ ಗಾಡಿಯಾದರೆ, 2021ರ ನಿಯಮಗಳ ಪ್ರಕಾರ ಸರ್ಕಾರದಲ್ಲಿ ನೋಂದಾಯಿತವಾದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಬಹುದು. ಅಲ್ಲಿ ಲೋಹದ ಬೆಲೆಯ ಜೊತೆಗೆ ಗಾಡಿ ಒಪ್ಪಿಸಿದ್ದಕ್ಕೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಖಾಸಗಿ ಗಾಡಿ ಕೊಂಡರೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಬೀದಿಯ ಗುಜರಿಯವನ ಹತ್ತಿರ ಆ ಕಾಗದ ಸಿಗುವುದಿಲ್ಲ. ಯಾರ ಹತ್ತಿರ ಒಡೆಸಿದರೂ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಇದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ.

ನಿಮ್ಮ ಅಂಗಳದಲ್ಲೂ ಅಂಥದ್ದೊಂದು ಗಾಡಿ ನಿಂತಿದ್ದರೆ, ಗುಜರಿಯವರಿಗೆ ಫೋನ್ ಮಾಡುವ ಮೊದಲು ಪೆಟ್ಟಿಗೆಯಿಂದ ಆರ್‌ಸಿ ತೆಗೆದು ಅವಧಿ ಎಲ್ಲಿಯವರೆಗೆ ಇದೆ ನೋಡಿರಿ. ಸಾಲದ ನಮೂದು ಉಳಿದಿದ್ದರೆ ಈ ವಾರವೇ ಬ್ಯಾಂಕಿಗೆ ಹೋಗಿ ಬನ್ನಿರಿ.