ಎರಡಾಗುವ ಕ್ರೇಟ್: ನನ್ನ ಒಂದು ಅಭ್ಯಾಸ ಪಾಠ

ಬೇಡಕಿಹಾಳದಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಅಪ್ಪನ ಸಣ್ಣ ಅಂಗಡಿ ಇದೆ. ಬೇಸಿಗೆ ಬಂತೆಂದರೆ ಕಬ್ಬಿನ ಹೊಲದಿಂದ ಬರುವವರು ಮೊದಲು ಕೇಳುವುದು ತಂಪು ಪಾನೀಯ. 24 ಗಾಜಿನ ಬಾಟಲಿಗಳ ಪ್ಲಾಸ್ಟಿಕ್ ಕ್ರೇಟನ್ನು ಗಾಡಿಯಿಂದ ಇಳಿಸಿ ಒಳಗೆ ತರುವ ಕೆಲಸ ಅಪ್ಪನದು. ಈಚೆಗೆ ಪ್ರತಿ ಕ್ರೇಟ್ ಇಟ್ಟ ಮೇಲೂ ಅವರು ಸೊಂಟ ಹಿಡಿದು ನಿಲ್ಲುತ್ತಾರೆ. ಅದನ್ನು ನೋಡಿದಾಗಲೆಲ್ಲ, ಈ ಕ್ರೇಟ್ ಎರಡು ಭಾಗವಾಗಿ ಬಿಚ್ಚುವಂತಿದ್ದರೆ ಎಂದು ನನಗೆ ಅನಿಸುತ್ತಿತ್ತು.

ಬೋಧನಾಭ್ಯಾಸದಲ್ಲಿ ನನಗೆ ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕ ಬಂದಾಗ ಈ ಯೋಚನೆಯನ್ನೇ ಪಾಠೋಪಕರಣವಾಗಿಸಿದೆ. ದಪ್ಪ ರಟ್ಟಿನಿಂದ ಆರಾರು ಬಾಟಲಿ ಹಿಡಿಯುವ ಎರಡು ಪೆಟ್ಟಿಗೆ ಮಾಡಿದೆ. ಎರಡೂ ಕೂಡುವ ಮೈಯಲ್ಲಿ ಎಡಕ್ಕೆ ಟಿ ಆಕಾರದ ಉದ್ದನೆಯ ಉಬ್ಬು, ಬಲಕ್ಕೆ ಅಂಥ ಉಬ್ಬು ಜಾರಿ ಕೂರುವ ತಗ್ಗು. ಒಂದನ್ನು ತಿರುಗಿಸಿ ಇನ್ನೊಂದಕ್ಕೆ ಎದುರಾಗಿ ಹಿಡಿದರೆ ಇದರ ಉಬ್ಬು ಅದರ ತಗ್ಗಿಗೆ ಸರಿಯಾಗಿ ಬರುತ್ತದೆ. ಮೇಲಿನಿಂದ ಕೆಳಕ್ಕೆ ಜಾರಿಸಿದರೆ ಜೋಡಣೆ ಮುಗಿಯಿತು. ಎರಡೂ ಭಾಗ ಒಂದೇ ಆಕಾರದಲ್ಲಿರಲು ಕಾರಣವಿತ್ತು. ಕ್ರೇಟುಗಳನ್ನು ತಯಾರಿಸುವುದು ಹೆಚ್ಚಾಗಿ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದ. ಅದನ್ನು ಕರಗಿಸಿ, ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ಇದರಲ್ಲಿ ದುಬಾರಿಯಾದದ್ದು ಅಚ್ಚು. ಎರಡು ಭಾಗವೂ ಒಂದೇ ರೀತಿ ಇದ್ದರೆ ಒಂದು ಅಚ್ಚು ಸಾಕು. ಈ ಉಪಾಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಪಾಠಯೋಜನೆಯಲ್ಲಿ ಅದನ್ನು ‘ಪ್ರದರ್ಶನ’ದ ಕೆಳಗೆ ಬರೆದು, 10 ನಿಮಿಷ ಎಂದು ನಮೂದಿಸಿದೆ.

ತರಗತಿಯಲ್ಲಿ ಲೆಕ್ಕದಿಂದ ಆರಂಭಿಸಿದೆ. ಮನೆಯ ತಕ್ಕಡಿಯಲ್ಲಿ ತುಂಬಿದ ಬಾಟಲಿಯೊಂದು 560 ಗ್ರಾಂ ತೂಗಿತ್ತು. 24 ಬಾಟಲಿಗೆ 13.44 ಕಿಲೋ, ಕ್ರೇಟಿನ ತೂಕ ಸೇರಿ ಸುಮಾರು 15 ಕಿಲೋ. ಅದನ್ನು ಎತ್ತಲು ಬೇಕಾದ ಬಲ 15 × 9.8, ಅಂದರೆ 147 ನ್ಯೂಟನ್. ಅರ್ಧ ಕ್ರೇಟಿಗೆ 73.5 ನ್ಯೂಟನ್. ‘ಹಾಗಾದರೆ ಹೊರೆ ಅರ್ಧವಾಯಿತು’ ಎಂದು ನಾನು ಹಲಗೆಯ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ಇಡೀ ಕ್ರೇಟ್ ಎರಡೂ ಕೈಲೆ ಹಿಡಿದ್ರೂ ಒಂದ ಕೈಗಿ 73.5 ಬೀಳತೈತಿ. ಎರಡು ತುಂಡು ಎರಡು ಕೈಯಾಗ ಹಿಡಿದ್ರೂ ಅಷ್ಟ. ಮತ್ತ ಲಾಭ ಏನ್ರಿ?”

ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದೆ ಕುಳಿತು ಅವಲೋಕಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರ ಕಡೆಗೆ ನೋಡಿದೆ. ಅವರು ತಲೆ ಎತ್ತಲಿಲ್ಲ. ಏನೂ ತೋಚದೆ ಪ್ರಶ್ನೆಯನ್ನು ತರಗತಿಗೇ ತಿರುಗಿಸಿದೆ. ಒಬ್ಬ ಹುಡುಗಿ ಹೇಳಿದಳು: “ಬಕೆಟ್ ಎದಿ ಮುಂದ ಹಿಡದು ನಡದ್ರ ಬೆನ್ನು ಹಿಂದ ಬಾಗತೈತ್ರಿ. ಎರಡು ಕಡೀಗಿ ಎರಡು ಬಕೆಟ್ ಹಿಡದ್ರ ನೆಟ್ಟಗ ನಡೀಬಹುದು.”

ನಾನು ಹುಡುಕುತ್ತಿದ್ದ ಉತ್ತರ ಅದೇ ಆಗಿತ್ತು. ಕೈಗೆ ಬೀಳುವ ಬಲ ಬದಲಾಗಿರಲಿಲ್ಲ, ಬದಲಾದದ್ದು ಹೊರೆ ಇರುವ ಜಾಗ. ಹೊರೆ ಬೆನ್ನೆಲುಬಿನಿಂದ ಮುಂದಕ್ಕೆ ಹೋದಷ್ಟೂ ಅದರ ತಿರುಗಿಸುವ ಪರಿಣಾಮ ಹೆಚ್ಚುತ್ತದೆ, ಅದನ್ನು ಬೆನ್ನಿನ ಸ್ನಾಯುಗಳು ಎಳೆದು ಹಿಡಿಯಬೇಕಾಗುತ್ತದೆ. ತರಗತಿಯ ಬಾಗಿಲನ್ನೇ ಒಮ್ಮೆ ಹಿಡಿಯ ಹತ್ತಿರ, ಒಮ್ಮೆ ಕೀಲಿನ ಹತ್ತಿರ ತಳ್ಳಿಸಿ ಇದನ್ನು ತೋರಿಸಿದೆ. ಅಪ್ಪನ ಸೊಂಟನೋವಿನ ಭೌತಶಾಸ್ತ್ರ ನನಗೇ ಅಂದು ಅರ್ಥವಾಯಿತು.

ಆಮೇಲೆ ಮಾದರಿಯನ್ನು ಮಕ್ಕಳ ಕೈಗೆ ಕೊಟ್ಟೆ. ಒಬ್ಬ ಒಂದೇ ಭಾಗದ ಹಿಡಿಯನ್ನು ಹಿಡಿದು ಮೇಲೆತ್ತಿದ. ಇನ್ನೊಂದು ಭಾಗ ಜಾರಿ ಮೇಜಿನ ಮೇಲೆ ಬಿತ್ತು. ಬಾಟಲಿಗಳು ಖಾಲಿ ಇದ್ದವು, ಯಾವುದೂ ಒಡೆಯಲಿಲ್ಲ. “ತಗ್ಗಿನ ತಳ ಮುಚ್ಚರಿ ಸರ್, ಜಾರಂಗಿಲ್ಲ” ಎಂದಿತು ಒಂದು ಗುಂಪು. ರಟ್ಟಿನ ಚೂರು ಅಂಟಿಸಿ ಎರಡೂ ತಗ್ಗುಗಳ ತಳ ಮುಚ್ಚಿದೆವು. ಈಗ ಪೆಟ್ಟಿಗೆಗಳು ಕೂಡಲೇ ಇಲ್ಲ! ಮೇಲಿನಿಂದ ಇಳಿಯುವ ಭಾಗದ ಉಬ್ಬು ಕೆಳಗಿನದರ ತಗ್ಗಿಗೆ ಇಳಿಯುತ್ತದೆ ನಿಜ. ಆದರೆ ಕೆಳಗಿನದರ ಉಬ್ಬು ಮೇಲಿನದರ ತಗ್ಗಿನೊಳಗೆ ತಳದಿಂದಲೇ ಹೋಗಬೇಕು, ಆ ತಳ ಮುಚ್ಚಿದೆ. ಒಂದರ ತಳ ಮಾತ್ರ ಮುಚ್ಚೋಣ ಎಂದರು ಕೆಲವರು. ಆಗ ಎರಡು ಅಚ್ಚು ಬೇಕು. ಅಲ್ಲದೆ ತೆರೆದ ತಗ್ಗಿನ ಭಾಗವನ್ನು ಹಿಡಿದು ಎತ್ತಿದರೆ ಇನ್ನೊಂದು ಮತ್ತೆ ಕೆಳಗೇ ಉಳಿಯುತ್ತದೆ.

ನಾನು ಹೆಮ್ಮೆಪಟ್ಟ ಉಪಾಯವೇ ಅಡ್ಡಿಯಾಗಿತ್ತು. ಗಂಟೆ ಬಾರಿಸಲು ಐದು ನಿಮಿಷ ಇದ್ದಾಗ ಮುಂದಿನ ಬೆಂಚಿನ ಹುಡುಗ ಹೇಳಿದ: “ಚಕ್ಕಡಿ ಗಾಲಿಗಿ ಕಡಾಣಿ ಇರತೈತಲ್ರಿ ಸರ್, ಹಂಗ ಒಂದು ಹಾಕಿದ್ರ?” ತಳದ ಚೂರು ಕಿತ್ತೆವು. ಉಬ್ಬು, ತಗ್ಗು ಎರಡನ್ನೂ ದಾಟುವಂತೆ ಅಡ್ಡ ರಂಧ್ರ ಕೊರೆದು ಪೆನ್ಸಿಲ್ ತೂರಿಸಿದೆವು. ಯಾವ ಭಾಗ ಹಿಡಿದು ಎತ್ತಿದರೂ ಇನ್ನೊಂದು ಜೊತೆಗೇ ಬಂತು. ಪೆನ್ಸಿಲ್ ಎಳೆದರೆ ಎರಡಾಯಿತು. ಅಚ್ಚು ಮಾತ್ರ ಒಂದೇ.

ಪಾಠಯೋಜನೆಯ ಮೌಲ್ಯಮಾಪನದ ಹಂತ ಹಾಗೆಯೇ ಉಳಿಯಿತು, ಗೃಹಪಾಠವನ್ನೂ ಕೊಡಲಾಗಲಿಲ್ಲ. ಸಮಯ ನಿರ್ವಹಣೆಯಲ್ಲಿ ಅಂಕ ಹೋಯಿತು, ಅದು ನ್ಯಾಯವೇ. ಆದರೆ ಮಾರ್ಗದರ್ಶಕರು ಅವಲೋಕನ ಪುಸ್ತಕದ ಕೊನೆಯಲ್ಲಿ ಒಂದು ಪ್ರಶ್ನೆ ಬರೆದಿದ್ದರು: ಮೊದಲೇ ಸರಿಯಾಗಿದ್ದ ಮಾದರಿ ತಂದಿದ್ದರೆ ಈ ಮಕ್ಕಳು ಏನು ಮಾಡುತ್ತಿದ್ದರು? ನೋಡಿ ‘ಚಲೋ ಐತಿ ಸರ್’ ಅನ್ನುತ್ತಿದ್ದರು ಎಂಬುದೇ ನನ್ನ ಉತ್ತರ.

ಮುಂದಿನ ವಾರ ಇನ್ನೊಂದು ವಿಭಾಗಕ್ಕೆ ಇದೇ ಪಾಠ ಮಾಡುವಾಗ ಯೋಜನೆಯನ್ನು ತಿದ್ದಿದೆ. ‘ಪ್ರದರ್ಶನ’ ತೆಗೆದು ‘ಸಮಸ್ಯೆ’ ಎಂದು ಬರೆದು 20 ನಿಮಿಷ ಇಟ್ಟೆ. ಲೆಕ್ಕವನ್ನು ಐದು ನಿಮಿಷಕ್ಕೆ ಇಳಿಸಿದೆ. ಜಾರುವ ಮಾದರಿಯನ್ನೇ ಕೊಟ್ಟೆ, ಕಡಾಣಿಯ ಮಾತು ಎತ್ತಲಿಲ್ಲ. ಆ ಮಕ್ಕಳು ಎರಡೂ ಪೆಟ್ಟಿಗೆಗಳ ಸುತ್ತ ಶಾಲೆಯ ಚೀಲದ ಬೆಲ್ಟ್ ಬಿಗಿದರು. ಅದೂ ಕೆಲಸ ಮಾಡಿತು. ಮೌಲ್ಯಮಾಪನಕ್ಕೂ ಸಮಯ ಸಿಕ್ಕಿತು.

ಮಾದರಿಯನ್ನು ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅವರು ಎರಡು ಸಲ ಬಿಚ್ಚಿ, ಕೂಡಿಸಿ ನೋಡಿದರು. ಆಮೇಲೆ ಪೆನ್ಸಿಲನ್ನು ಕೈಯಲ್ಲಿ ಹಿಡಿದು, “ಇದು ಮೊದಲನೇ ದಿನಾನ ಕಳೀತೈತಿ. ದಾರ ಕಟ್ಟು” ಎಂದರು. ಎಂಟನೇ ತರಗತಿಗೂ ನನಗೂ ಹೊಳೆಯದ ಮಾತು ಅದು. ದಾರ ಕಟ್ಟಿದ್ದೇನೆ.