ಹಾರುವ ನಕ್ಷತ್ರವನ್ನು ಹುಡುಕುತ್ತಾ



ರೋಮಿನಲ್ಲಿ ಓದುತ್ತಿದ್ದ ದಿನಗಳಲ್ಲಿ ನಾವು ಮೂವರು ಗುರುಗಳು ರಜೆಗೆಂದು ಸಿಸಿಲಿ ದ್ವೀಪದ ಪಲೆರ್ಮೊ ನಗರಕ್ಕೆ ಹೋಗಿದ್ದೆವು. ಅಲ್ಲಿನ ನಾರ್ಮನ್ ಅರಮನೆಯಲ್ಲಿ 12ನೇ ಶತಮಾನದ ಪ್ರಾರ್ಥನಾಲಯವಿದೆ. ಅದರ ಹೊಂಬಣ್ಣದ ಗೋಡೆಚಿತ್ರಗಳನ್ನು ನೋಡಿ ಹೊರಬಂದು, ಅದೇ ಅರಮನೆಯ ಗೋಪುರವನ್ನು ತಲೆಯೆತ್ತಿ ನೋಡಿದೆವು. ಅದರ ಮೇಲೆ 1790ರಲ್ಲಿ ವೀಕ್ಷಣಾಲಯ ಆರಂಭವಾಯಿತು. ಅದನ್ನು ನಡೆಸಿದವರು ಥಿಯಟೈನ್ ಸಭೆಯ ಗುರು ಜುಸೆಪ್ಪೆ ಪಿಯಾಜಿ.

ರಾಜಹಂಸ ನಕ್ಷತ್ರಪುಂಜದಲ್ಲಿ '61 ಸಿಗ್ನಿ' ಎಂಬ ಮಂಕು ನಕ್ಷತ್ರವಿದೆ. ವರ್ಷಗಟ್ಟಲೆ ಅದರ ಸ್ಥಾನವನ್ನು ಅಳೆದ ಪಿಯಾಜಿಯವರು, ಉಳಿದವುಗಳ ನಡುವೆ ಅದು ಬೇಗ ಸರಿಯುತ್ತಿದೆ ಎಂದು ತೋರಿಸಿದರು. ಅದಕ್ಕೆ 'ಹಾರುವ ನಕ್ಷತ್ರ' ಎಂಬ ಹೆಸರೇ ಬಂತು. ಬೇಗ ಎಂದರೂ ಚಂದ್ರನ ಅಗಲದಷ್ಟು ಸರಿಯಲು ಸುಮಾರು 350 ವರ್ಷ ಬೇಕು! ಇಷ್ಟು ಸರಿಯುವುದು ಹತ್ತಿರವಿರಬೇಕು ಎಂಬ ಊಹೆಯಿಂದ 1838ರಲ್ಲಿ ಬೆಸೆಲ್ ಎಂಬ ಜರ್ಮನ್ ವಿಜ್ಞಾನಿ ಅದರ ದೂರ ಅಳೆದರು. ಇಂದಿನ ಲೆಕ್ಕದಲ್ಲಿ ಅದು 11.4 ಜ್ಯೋತಿರ್ವರ್ಷ. ನಿಜವಾಗಿ ಅವು ಜೋಡಿ ನಕ್ಷತ್ರಗಳು. ಸೂರ್ಯನಿಗಿಂತ ತಣ್ಣಗಿರುವುದರಿಂದ ಕಿತ್ತಳೆ ಬಣ್ಣ.

ಈಗ ನಾವಿರುವುದು ತಾಳವಾಡಿ ಸೀಮೆಯಲ್ಲಿ. ಕಳೆದ ಡಿಸೆಂಬರಿನ ಒಂದು ಸಂಜೆ ಏಳು ಗಂಟೆಗೆ, ಜ್ಞಾನೋಪದೇಶದ ಮಕ್ಕಳೊಡನೆ ಚರ್ಚಿನ ಅಂಗಳದಲ್ಲಿ ನಿಂತು ವಾಯವ್ಯಕ್ಕೆ ನೋಡಿದೆವು. ರಾಜಹಂಸವನ್ನು 'ಉತ್ತರದ ಶಿಲುಬೆ' ಎಂದೂ ಕರೆಯುತ್ತಾರೆ. ಶಿಲುಬೆಯ ತಲೆಯಲ್ಲಿ ದೆನೆಬ್, ನಡುವಿನದೊಂದು, ಎಡತೋಳಿನದೊಂದು. ಈ ಮೂರೂ ಸೇರಿದ ಓರೆ ಚೌಕದ ನಾಲ್ಕನೆಯ ಮೂಲೆಯಲ್ಲಿ ನಮ್ಮ ನಕ್ಷತ್ರ ಇರಬೇಕು.

"ಎಲ್ಲೂ ಕಾಣಲ್ವಲ್ಲ ಸ್ವಾಮಿ?" ಎಂದ ಒಬ್ಬ ಹುಡುಗ.

ತಪ್ಪು ನಮ್ಮದೇ. ಅಂಗಳದ ದೊಡ್ಡ ದೀಪವನ್ನು ಚಂದಾ ಎತ್ತಿ ಹಾಕಿಸಿದವರು ನಾವೇ. ಆನೆ ಬರುವ ಊರು; ದೀಪ ಬೇಡವೆನ್ನುವಂತಿಲ್ಲ. ಹಿರಿಯರೊಬ್ಬರು, "ಅರ್ಧ ಗಂಟೆ ಆರ್ಸಿ ಸ್ವಾಮಿ, ನಾನು ಬ್ಯಾಟ್ರಿ ಹಿಡ್ಕೊಂಡು ಗೇಟಿನ ತಾವು ನಿಂತಿರ್ತೀನಿ" ಎಂದರು.

ದೀಪ ಆರಿತು. ಕಾಲು ಗಂಟೆಯ ಮೇಲೆ, ನಾಲ್ಕನೆಯ ಮೂಲೆಯಲ್ಲಿ ಒಂದು ಚುಕ್ಕಿ ಮೂಡಿತು. ಬರಿಗಣ್ಣಿಗೆ ಬಣ್ಣ ತಿಳಿಯಲಿಲ್ಲ. ದುರ್ಬೀನಿನಲ್ಲಿ ಎರಡು ಪುಟ್ಟ ಕಿತ್ತಳೆ ಕಿಡಿಗಳು!

ಆ ಹುಡುಗನಿಗೆ ಹನ್ನೆರಡು ವಯಸ್ಸು. "ಈ ಬೆಳಕು ಅಲ್ಲಿಂದ ಹೊರಟಾಗ ನೀನು ತೊಟ್ಟಿಲಲ್ಲಿದ್ದೆ" ಎಂದೆವು. ಅವನು ದುರ್ಬೀನನ್ನು ಪಕ್ಕದವರಿಗೆ ಕೊಡಲೇ ಇಲ್ಲ.

ಈಗ ತಿಂಗಳಿಗೊಂದು ರಾತ್ರಿ, ಅರ್ಧ ಗಂಟೆ, ನಮ್ಮ ಅಂಗಳದಲ್ಲಿ ದೀಪವಿರುವುದಿಲ್ಲ. ಗೇಟಿನ ಬಳಿ ಆ ಹಿರಿಯರು ಇದ್ದೇ ಇರುತ್ತಾರೆ.